ಸ್ಟೀಲ್‌ಹೆಡ್ ಹಿಡಿಯಲು ಫ್ಲೈ ಒಳ್ಳೆಯದಾ, ಎರೆ ಒಳ್ಳೆಯದಾ?

ಸ್ಟೀಲ್‌ಹೆಡ್ ಅಂದರೆ ಕಡಲಿಗೆ ಹೋಗಿ ನದಿಗೆ ಮರಳುವ ರೇನ್‌ಬೋ ಟ್ರೌಟ್ ಮೀನು. ಫ್ಲೈ ಅಂದರೆ ಗಾಳಕ್ಕೆ ಗರಿ, ನೂಲು ಕಟ್ಟಿ ಮಾಡಿದ ಕೃತಕ ಹುಳು; ಎರೆ ಅಂದರೆ ಗಾಳಕ್ಕೆ ಸಿಕ್ಕಿಸುವ ಮೊಟ್ಟೆ, ಹುಳುವಿನಂಥ ನಿಜವಾದ ತಿನಿಸು. ಮೊದಲು ನದಿಯ ನಿಯಮ ನೋಡಿ. ಅಮೆರಿಕದ ಒರೆಗಾನ್‌ನಲ್ಲಿ ನಾರ್ತ್ ಅಂಪ್‌ಕ್ವಾ ನದಿಯ ಸುಮಾರು 30 ಮೈಲಿ ಉದ್ದಕ್ಕೆ ಫ್ಲೈ ಮಾತ್ರ. ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಎರೆಗೆ ಅವಕಾಶ ಇರುವ ಕಡೆ ನೀರು ನೋಡಿ ತೀರ್ಮಾನಿಸಿ. ಚಳಿಗಾಲದಲ್ಲಿ ನೀರು ತಣ್ಣಗೆ, ಕದಡಿ ಹರಿಯುವಾಗ ಮೀನು ತಳದಲ್ಲಿ ಮಂಕಾಗಿ ನಿಂತಿರುತ್ತದೆ. ಫ್ಲೈ ಹಿಂದೆ ಜಾಸ್ತಿ ದೂರ ಬರುವುದಿಲ್ಲ. ವಾಸನೆಯ ಸಾಲ್ಮನ್ ಮೊಟ್ಟೆ ಮೂತಿಯ ಮುಂದೆಯೇ ತೇಲಿಬಂದರೆ ಕಚ್ಚಬಹುದು. ಬೇಸಿಗೆಯ ತಿಳಿನೀರಿನಲ್ಲಿ ಫ್ಲೈಗೇ ನುಗ್ಗಿ ಬರುತ್ತದೆ. ಆ ಎಳೆತದ ಮಜಾನೇ ಬೇರೆ ಬಿಡಿ!

ಎರೆಯದ್ದು ಒಂದು ತೊಂದರೆ: ಮೀನು ನುಂಗಿಬಿಟ್ಟರೆ ಗಾಳ ಗಂಟಲಿಗೆ ಇಳಿಯುತ್ತದೆ. ನೀರಿಗೆ ವಾಪಸ್ ಬಿಟ್ಟರೂ ಬದುಕುವುದು ಕಷ್ಟ. ಹಿಡಿದು ಬಿಡುವುದಾದರೆ ನಾನಂತೂ ಫ್ಲೈ ಅನ್ನುತ್ತೇನೆ. ಊಟಕ್ಕೆ ಬೇಕಾ? ಬಾಲದ ಹತ್ತಿರ ಬೆನ್ನ ಮೇಲಿನ ಪುಟ್ಟ ರೆಕ್ಕೆಯನ್ನು ಗುರುತಿಗೆ ಕತ್ತರಿಸಿದ ಹ್ಯಾಚರಿ ಮೀನಿಗೆ (ಕೇಂದ್ರದಲ್ಲಿ ಮರಿಮಾಡಿಸಿ ನದಿಗೆ ಬಿಟ್ಟದ್ದು) ಎರೆಯೇ ಸರಿ.