ತರಗತಿಯಲ್ಲಿ ಬೇರೆ ಬೇರೆ ಧರ್ಮದ ಮಕ್ಕಳಿರುವಾಗ ಧರ್ಮದ ಮಾತು ಎತ್ತಬಹುದೇ? ಜಗಳವಾಗದಂತೆ ಹೇಗೆ?

ಧಾರಾಳವಾಗಿ ಎತ್ತಬಹುದು. ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ತಡೆಯುವುದು ಧಾರ್ಮಿಕ ಬೋಧನೆಯನ್ನು. ಧರ್ಮಗಳ ಬಗ್ಗೆ ತಿಳಿಸಿಕೊಡುವುದನ್ನಲ್ಲ. ಶಾಲಾ ಪಠ್ಯಕ್ರಮದ ಕುರಿತಾದ 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಒಪ್ಪಿದೆ.

ಕಷ್ಟ ಇರುವುದು ಕೇಳುವ ಧಾಟಿಯಲ್ಲಿ. "ನೀವ್ಯಾಕೆ ಹೀಗೆ ಮಾಡ್ತೀರಿ?" ಅಂದರೆ ಹುಡುಗನನ್ನು ಕಟಕಟೆಗೆ ಹತ್ತಿಸಿದಂತೆ. "ಹಬ್ಬದ ದಿನ ನಿಮ್ಮನೇಲಿ ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತೀರಿ?" ಅಂದರೆ ಕಥೆ ಹೊರಡುತ್ತದೆ. ಉತ್ತರವೂ "ನಮ್ಮ ಧರ್ಮದಲ್ಲಿ" ಎಂದಲ್ಲ, "ನಮ್ಮನೇಲಿ" ಎಂದೇ ಶುರುವಾಗಲಿ. ಒಂದೇ ಧರ್ಮದ ಎರಡು ಮನೆಗಳ ರೂಢಿ ಬೇರೆಯೆಂಬುದು ತಾನಾಗಿ ಹೊರಬೀಳುತ್ತದೆ. ತರಗತಿಗೆ ಒಬ್ಬಳೇ ಇರುವ ಮುಸ್ಲಿಂ ಹುಡುಗಿಯನ್ನು ಎಬ್ಬಿಸಿ "ರಂಜಾನ್ ಬಗ್ಗೆ ಹೇಳಮ್ಮ" ಎನ್ನಬೇಡಿ (ಒಳ್ಳೆಯ ಮೇಷ್ಟ್ರುಗಳೇ ಈ ತಪ್ಪು ಮಾಡುವುದು). ಇಡೀ ಸಮುದಾಯದ ವಕಾಲತ್ತು ಆ ಮಗುವಿಗೇಕೆ?

ಉತ್ತರ ಕರ್ನಾಟಕದ ಶಾಲೆಯಾದರೆ ಮೊಹರಂನಿಂದ ಶುರುಮಾಡಿ. ಮೊಹರಂನಲ್ಲಿ ಕೂರಿಸುವ ಪಂಜಾಗಳಿಗೆ, ಅಂದರೆ ಅಲಾಯಿ ದೇವರಿಗೆ, ಹರಕೆ ಹೊರುವ ಹಿಂದೂ ಮನೆಗಳು ಎಷ್ಟೋ ಊರುಗಳಲ್ಲಿವೆ. ಮುಸ್ಲಿಮರೇ ಇಲ್ಲದ ಊರುಗಳಲ್ಲೂ ಈ ಹಬ್ಬ ನಡೆಯುತ್ತದೆ. ಇದು ಸರಿಯಲ್ಲ ಎನ್ನುವವರು ಎರಡೂ ಕಡೆ ಇದ್ದಾರೆ. ಅದನ್ನು ಮುಚ್ಚಿಡಬೇಡಿ, ಭಿನ್ನಾಭಿಪ್ರಾಯವಿಲ್ಲದೆ ಸಂವಾದವೆಲ್ಲಿ? ಒಂದೇ ಷರತ್ತು: ಎದುರು ಮಾತಾಡುವ ಮೊದಲು ಎದುರಿನವರು ಹೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು, ಅವರು "ಹೌದು, ಅದೇ" ಅನ್ನಬೇಕು. ಮೊದಲ ವಾರ ಮಕ್ಕಳು ಇದಕ್ಕೆ ನಗುತ್ತಾರೆ, ನಗಲಿ ಬಿಡಿ.