ಸಮಸ್ಯೆಗಳೆಲ್ಲ ಮೇಲಿನವರ ಮೇಜಿಗೇ ಬರುತ್ತಿದ್ದರೆ ಮುಖ್ಯಸ್ಥರಿಗೆ ಏನು ಕಲಿಸಬೇಕು?

ವಿಭಾಗದ ಮುಖ್ಯಸ್ಥರಿಗೆಲ್ಲ ತರಬೇತಿ ಕೊಡಿಸಿದ್ದೀರಿ, ಮೂಲ ಕಾರಣ ಹುಡುಕಲು ಐದು ಬಾರಿ ‘ಏಕೆ’ ಎಂದು ಕೇಳುವ ವಿಧಾನ ಎಲ್ಲರಿಗೂ ಬಾಯಿಪಾಠವಾಗಿದೆ, ಆದರೂ ಸಣ್ಣಪುಟ್ಟ ತೊಡಕುಗಳೂ ಮೇಲಕ್ಕೇ ಬರುತ್ತಿವೆ ಎಂದು ಬರೆದಿದ್ದೀರಿ. ಹಲವು ವರ್ಷಗಳಿಂದ ಮುಖ್ಯಸ್ಥರ ಜೊತೆ ಕೂತು ಇದೇ ಕೆಲಸ ಮಾಡುತ್ತಿದ್ದೇನೆ. ನಾನು ಕಂಡಂತೆ ಕೊರತೆ ವಿಧಾನದಲ್ಲಿಲ್ಲ. ಸಮಸ್ಯೆ ಕಿವಿಗೆ ಬಿದ್ದ ಮರುಕ್ಷಣ ಮುಖ್ಯಸ್ಥರ ಬಾಯಿಂದ ಬರುವ ಮಾತಿನಲ್ಲಿದೆ.

ಒಂದು ಕಾರ್ಖಾನೆಯ ಬೆಳಗಿನ ಸಭೆ. “ಎರಡನೇ ಯಂತ್ರದಲ್ಲಿ ಬಾಟಲಿಯ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ಸರ್” ಎಂದು ಮೇಲ್ವಿಚಾರಕಿಯೊಬ್ಬರು ಶುರು ಮಾಡಿದರು. “ಒತ್ತಡ ಸ್ವಲ್ಪ ಹೆಚ್ಚಿಸಿ” ಎಂದರು ವ್ಯವಸ್ಥಾಪಕರು. ಆಕೆ ತೆರೆದಿದ್ದ ನೋಟ್‌ಬುಕ್ಕನ್ನು ಮುಚ್ಚಿಕೊಂಡರು. ಸಭೆ ಮುಗಿದ ಮೇಲೆ ಅದನ್ನು ತೋರಿಸಿ ಎಂದು ಕೇಳಿದೆ. ಹತ್ತು ದಿನಗಳ ಲೆಕ್ಕ ಅದರಲ್ಲಿತ್ತು: ಮುಚ್ಚಳ ಸಡಿಲವಾಗುತ್ತಿದ್ದುದು ಬೆಳಗಿನ ಪಾಳಿಯ ಮೊದಲ ಗಂಟೆಯಲ್ಲಿ ಮಾತ್ರ. ಉತ್ತರದ ಅರ್ಧ ದಾರಿಯನ್ನು ಆಕೆ ಆಗಲೇ ನಡೆದಿದ್ದರು. ಅದನ್ನು ಕೇಳುವವರೇ ಇರಲಿಲ್ಲ.

ಸಮಸ್ಯೆ ತಂದವರನ್ನು ಕೇಳಿ ಎಂದು ಆ ವ್ಯವಸ್ಥಾಪಕರಿಗೆ ನಾನು ಹೇಳಿಕೊಟ್ಟದ್ದು ಮೂರೇ ಪ್ರಶ್ನೆ. ನೀವು ಏನು ನೋಡಿದಿರಿ? ಏಕೆ ಹೀಗಾಗುತ್ತಿರಬಹುದು? ಮೊದಲು ಏನನ್ನು ಪರೀಕ್ಷಿಸಿ ನೋಡುತ್ತೀರಿ? ಹೇಳುವುದು ಸುಲಭ, ಅವರಿಗೆ ಅದು ರೂಢಿಯಾಗಲು ತಿಂಗಳುಗಳೇ ಬೇಕಾದವು. ದಿನವೂ ಮೂಲೆಯಲ್ಲಿ ಕೂತು ಅವರ ಮಾತುಗಳನ್ನು ಎರಡು ಸಾಲುಗಳಲ್ಲಿ ಬರೆಯುತ್ತಿದ್ದೆ, ಒಂದರಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಅಪ್ಪಣೆ. “ಒತ್ತಡ ಹೆಚ್ಚಿಸಿ ನೋಡಿದಿರಾ?” ಎಂಬುದು ಪ್ರಶ್ನೆಯಂತೆ ಕಂಡರೂ ಒಳಗೆ ಅಪ್ಪಣೆಯೇ, ಅದನ್ನು ಅಪ್ಪಣೆಯ ಸಾಲಿಗೇ ಹಾಕುತ್ತಿದ್ದೆ. ಮೊದಮೊದಲು ಅವರಿಗೆ ಬೇಸರವಾಗುತ್ತಿತ್ತು. ಆಮೇಲೆ ತಾವೇ ಆ ಹಾಳೆ ಕೇಳಿ ಪಡೆಯತೊಡಗಿದರು.

ಕೆಟ್ಟ ಸುದ್ದಿ ತಂದವರನ್ನು ಹೇಗೆ ಕಾಣುತ್ತೇವೆ ಎಂಬುದು ಇದಕ್ಕಿಂತಲೂ ದೊಡ್ಡದು. 2006ರಲ್ಲಿ ಅಲನ್ ಮುಲಾಲಿ ಫೋರ್ಡ್ ಕಂಪನಿಯ ಚುಕ್ಕಾಣಿ ಹಿಡಿದಾಗ, ಕಂಪನಿ ಆ ವರ್ಷ ಸಾವಿರ ಕೋಟಿ ಡಾಲರಿಗೂ ಮೀರಿದ ನಷ್ಟದತ್ತ ಸಾಗಿತ್ತು. ಆದರೂ ವಾರದ ಸಭೆಯಲ್ಲಿ ಅಧಿಕಾರಿಗಳು ತರುತ್ತಿದ್ದ ಪಟ್ಟಿಗಳಲ್ಲಿ ಎಲ್ಲವೂ ಸರಿಯಿದೆ ಎನ್ನುವ ಹಸಿರು ಬಣ್ಣವೇ ಕಾಣುತ್ತಿತ್ತು. ಕೊನೆಗೆ ಆ ಅಧಿಕಾರಿಗಳಲ್ಲೊಬ್ಬರಾದ ಮಾರ್ಕ್ ಫೀಲ್ಡ್ಸ್ ಹೊಸ ವಾಹನವೊಂದರ ಬಿಡುಗಡೆಗೆ, ತೊಂದರೆಯಿದೆ ಎನ್ನುವ ಕೆಂಪು ಬಣ್ಣ ಹಾಕಿ ತಂದರು. ಮುಲಾಲಿ ಚಪ್ಪಾಳೆ ತಟ್ಟಿದರು, ಇದಕ್ಕೆ ಯಾರು ನೆರವಾಗಬಲ್ಲಿರಿ ಎಂದು ಕೇಳಿದರು. ಮುಂದಿನ ವಾರಗಳಲ್ಲಿ ಉಳಿದವರ ಪಟ್ಟಿಗಳಲ್ಲೂ ಹಸಿರಲ್ಲದ ಬಣ್ಣಗಳು ಕಾಣತೊಡಗಿದವು. ಟೊಯೋಟಾದ ಹಗ್ಗದ ಕಥೆಯೂ ಹೀಗೆಯೇ. ದೋಷ ಕಂಡ ಕಾರ್ಮಿಕರು ನೆರವು ಕರೆಯಲು, ಬೇಕಾದರೆ ಕೆಲಸವನ್ನೇ ನಿಲ್ಲಿಸಲು ಹಗ್ಗ ಎಳೆಯಬಹುದು ಎಂಬುದನ್ನು ಅನೇಕರು ನಕಲು ಮಾಡಿದರು. ಎಳೆದ ಕೂಡಲೇ ತಂಡದ ನಾಯಕ ಓಡಿ ಬಂದು ಪಕ್ಕದಲ್ಲಿ ನಿಲ್ಲುತ್ತಾನಲ್ಲ, ಅದನ್ನು ಮರೆತರು.

ಬೆಂಕಿ ಬಿದ್ದಾಗ, ಯಾರಿಗಾದರೂ ಪೆಟ್ಟಾದಾಗ ಪ್ರಶ್ನೆ ಕೇಳುತ್ತಾ ಕೂರಬಾರದು, ಆಗ ಅಪ್ಪಣೆಯೇ ಬೇಕು.

ನೀವು ಒಬ್ಬ ಮುಖ್ಯಸ್ಥರನ್ನು, ಒಂದೇ ಸಭೆಯನ್ನು ಆರಿಸಿಕೊಳ್ಳಿ. ಸಾಧ್ಯವಾದರೆ ಎಲ್ಲರಿಗಿಂತ ಮೇಲಿನವರಿಂದಲೇ ಶುರು ಮಾಡಿ, ಏಕೆಂದರೆ ಕೆಳಗಿನವರು ಅವರ ಮುಖ ನೋಡಿಯೇ ಮಾತು ಆರಿಸುತ್ತಾರೆ. ಮೊದಲ ವಾರ ಏನನ್ನೂ ಕಲಿಸಬೇಡಿ. ಆ ಎರಡು ಸಾಲುಗಳನ್ನು ಬರೆದು, ಶುಕ್ರವಾರ ಹಾಳೆಯನ್ನು ಅವರ ಕೈಗೆ ಕೊಡಿ.