ತಿಂಡಿ ಸ್ಟಾಲು, ಅಂಗಡಿ, ಸಂಘ-ಸಂಸ್ಥೆ ಎಲ್ಲಾ ಸೇರಿಸಿ, ಸಂಘ-ಸಂಸ್ಥೆಯವರಿಗೆ ಬೇರೆ ಸಾಲು ಇಟ್ಟು, ಕುಮಟಾದಲ್ಲೊಂದು ಮಾರ್ಕೆಟ್ ಮಾಡಿದ್ರೆ ನಡೆಯುತ್ತಾ?

ನಡೆಯುತ್ತೆ, ಆದ್ರೆ ಸಂಘ-ಸಂಸ್ಥೆಯವರಿಗೆ ಬೇರೆ ಸಾಲು ಅಂತ ಬರೆದಿದೀರಲ್ಲ, ಅದನ್ನ ಮೊದ್ಲು ತೆಗೀರಿ. ನಾನು ಶಿರಸಿ ಕಡೆಯವಳು, ನಮ್ಮ ಮಹಿಳಾ ಸಂಘದ ಟೇಬಲ್ ಹಾಕ್ಕೊಂಡು ಇಂಥ ಮೇಳಗಳಲ್ಲಿ ಐದಾರು ವರ್ಷ ಕೂತಿದೀನಿ. ಒಂದ್ಸಲ ಸಭಾಂಗಣದ ಕೊನೇ ಮೂಲೆ ಕೊಟ್ರು, ಬೆಳಗಿಂದ ಸಂಜೆತನಕ ಬಂದವರೆಲ್ಲ ಟಾಯ್ಲೆಟ್ ಎಲ್ಲಿ ಅಂತ ಕೇಳೋರೇ. ಮುಂದಿನ ವರ್ಷ ತೊಡದೇವು (ನಮ್ಮ ಕಡೆಯ ತೆಳ್ಳನೆ ಸಿಹಿ ತಿಂಡಿ) ಮಾಡೋ ಒಲೆ ಪಕ್ಕ ಜಾಗ ಸಿಕ್ತು, ತಂದಿದ್ದ ಬೀಜದ ಪೊಟ್ಟಣ ಮಧ್ಯಾಹ್ನದೊಳಗೆ ಖಾಲಿ. ಯಾಕಂದ್ರೆ ತೊಡದೇವು ಬೇಗ ಕೊಡೋಕಾಗಲ್ಲ, ಬೋರಲು ಹಾಕಿದ ಮಡಕೆ ಮೇಲೆ ಕಬ್ಬಿನಹಾಲು ಬೆರೆಸಿದ ಅಕ್ಕಿಹಿಟ್ಟನ್ನ ಬಟ್ಟೇಲಿ ಎಳೀಬೇಕು, ಒಂದೊಂದೇ ಏಳ್ಬೇಕು, ಅಲ್ಲೀತನಕ ಜನ ನಿಂತಿರ್ತಾರೆ, ನಿಂತವರು ಸುಮ್ನಿರ್ತಾರಾ, ಇದೆಂಥ ಬೀಜ ಅಂತ ಕೇಳೇ ಕೇಳ್ತಾರೆ. ಹಂಗಾಗಿ ನಿಧಾನಕ್ಕೆ ಆಗೋ ತಿಂಡಿಯನ್ನ ನಡುವೆ ಇಡಿ, ವಡೆ-ಬಜೆಯವರು ಎಲ್ಲಿದ್ರೂ ವ್ಯಾಪಾರ ಮಾಡ್ತಾರೆ.

ಶಿರಸಿಯ ವನಸ್ತ್ರೀ ಅಂತ 2001ರಿಂದ ಕೈತೋಟದ ಬೀಜ ಉಳಿಸ್ತಾ ಬಂದಿರೋ ಹೆಂಗಸರ ಗುಂಪಿದೆ, ಅವರ ಮಲೆನಾಡು ಮೇಳ ಒಂದ್ಸಲ ನೋಡಿ ಬನ್ನಿ. ಬೀಜ, ಗಿಡ, ತಿಂಡಿ, ಕೈಕೆಲಸ ಎಲ್ಲಾ ಒಟ್ಟಿಗೇ.

ಇನ್ನು ಕುಮಟಾ ಈರುಳ್ಳಿಯವರು. ಅವರು ಬಂದೇ ಬರ್ತಾರೆ ಅಂದ್ಕೋಬೇಡಿ ಮಾರಾಯ್ರೇ. ಸೀಸನ್ನಲ್ಲಿ ಹಂದಿಗೋಣ, ಅಳ್ವೆಕೋಡಿ ಹತ್ರ ಹೆದ್ದಾರಿ ಬದಿಗೇ ಗೊಂಚಲು ಕಟ್ಟಿ ನೇತು ಹಾಕಿರ್ತಾರೆ, ಕಾರು ತಾನಾಗೇ ನಿಲ್ಲುತ್ತೆ, ಅದನ್ನ ಬಿಟ್ಟು ನಿಮ್ಮಲ್ಲಿಗೆ ಬಾಡಿಗೆ ಕೊಟ್ಟು ಯಾಕೆ ಬರ್ಬೇಕು? ಜಾಗ ಫ್ರೀ ಕೊಡಿ, ಸಾಗಿಸೋಕೆ ಗಾಡಿನೂ ನೀವೇ ಮಾಡಿ. ಅಂಕೋಲೆಯ ಕರಿ ಇಶಾಡ ಮಾವಿಗೂ ಅಷ್ಟೇ, 2023ರಲ್ಲಿ ಇದು ಇದೇ ಊರಿನದ್ದು ಅಂತ ಗುರುತಿಸೋ ಜಿಐ ಟ್ಯಾಗ್ ಏನೋ ಬಂತು, ಆದ್ರೆ ಹಣ್ಣು ಬಹಳ ದಿನ ಇಡೋಕಾಗಲ್ಲ, ಉಳಿದ್ರೆ ಲಾಸ್ ಅವರಿಗೇ.

ಬಾಡಿಗೆ ವಿಷಯದಲ್ಲಿ ನನಗೆ ಈಗ್ಲೂ ಸಿಟ್ಟಿದೆ. ಒಂದು ಕಡೆ ಬಿರಿಯಾನಿ ಸ್ಟಾಲಿಗೂ ನಮ್ಮ ಬೀಜದ ಟೇಬಲಿಗೂ ಒಂದೇ ರೇಟು ಹಾಕಿದ್ರು, ಬಂದಿದ್ದೆಲ್ಲ ಬಾಡಿಗೆಗೇ ಹೋಯ್ತು. ತಿಂಡಿಯವರಿಂದ ಜಾಸ್ತಿ ತಗೊಳ್ಳಿ, ಸಂಘದವರಿಗೆ ಬಿಟ್ಟುಬಿಡಿ.

ದಿನ ಭಾನುವಾರ ಬೇಡ, ಕಾರವಾರದ ಸಂತೆ ಇರುತ್ತೆ. ಮತ್ತೆ ಚಿಲ್ಲರೆ ತುಂಬಾ ಇಟ್ಕೊಳ್ಳಿ, ಸ್ಕ್ಯಾನರ್ ಇದೆ ಅಂತ ಸುಮ್ನೆ ಕೂರ್ಬೇಡಿ, ನಮ್ಮಲ್ಲೊಬ್ಬ ಅಜ್ಜಿಯ ಕ್ಯೂಆರ್ ಕೋಡು ಮೊಮ್ಮಗನ ಅಕೌಂಟಿಂದು, ದಿನವಿಡೀ ಉಪ್ಪಿನಕಾಯಿ ಮಾರಿದ್ದು ಅವಳು, ದುಡ್ಡು ಹೋಗಿದ್ದು ಹುಬ್ಬಳ್ಳಿಲಿರೋ ಅವನಿಗೆ, ಸಂಜೆ ಬಸ್ ಚಾರ್ಜಿಗೆ ನಾನೇ ಕೊಟ್ಟೆ.